ಮಲಗುವ ಹೊತ್ತಿನ ಕಥೆ ಹೇಳಿ ಮಕ್ಕಳಿಗೆ ಸಾಮಾನು ಎತ್ತಿಡುವುದನ್ನು ಕಲಿಸಬಹುದೇ?

ಸೋಮವಾರಪೇಟೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ ತುಂಬಿದೆ, ಮಗಳಿಗೆ ಎರಡೂವರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇಬ್ಬರಿಗೂ ಅಂಗಳವೇ ಇಲ್ಲದಂತಾಗಿದೆ. ಹೊರಗೆ ಹರಡಿಕೊಳ್ಳಬೇಕಾದ ಆಟವೆಲ್ಲ ನಡುಮನೆಗೆ ಬಂದು ಕುಳಿತಿದೆ. ಸಂಜೆ ಕರೆಂಟು ಹೋದಾಗ ಮೇಣದಬತ್ತಿ ಹುಡುಕಲು ಎದ್ದವರ ಕಾಲಿಗೆ ಬ್ಲಾಕುಗಳು, ಆಟದ ಪಾತ್ರೆಗಳು, ಮುರಿದ ಕ್ರೆಯಾನುಗಳು ಸಿಗುತ್ತವೆ. ಕಳೆದ ವಾರ ನಮ್ಮ ಅತ್ತೆಯವರು ಮರದ ಗಾಡಿಯ ಮೇಲೆ ಕಾಲಿಟ್ಟು ಜಾರಿದರು. ಗೋಡೆ ಕೈಗೆ ಸಿಕ್ಕಿದ್ದರಿಂದ ಪಾರಾದರು, ಆದರೆ ನನ್ನ ಎದೆ ಇನ್ನೂ ನಡುಗುತ್ತಿದೆ.

ಹಗಲಿಡೀ ಹೇಳಿದ್ದು ಕಿವಿಗೆ ಬೀಳದ ಮಕ್ಕಳು ರಾತ್ರಿ ಎಂಟೂವರೆಯ ಕಥೆಯನ್ನು ಮಾತ್ರ ಉಸಿರು ಬಿಗಿಹಿಡಿದು ಕೇಳುತ್ತಾರೆ. ಹಾಗಾದರೆ ಆ ಕಥೆಯಲ್ಲೇ ಈ ಪಾಠವನ್ನು ಸೇರಿಸೋಣವೆಂದು ನಾನೇ ಒಂದು ಕಥೆ ಕಟ್ಟಿ ಹೇಳಿದೆ. ಸಾಮಾನು ಎತ್ತಿಡದ ಹುಡುಗನೊಬ್ಬನ ಆಟಿಕೆಗಳನ್ನೆಲ್ಲ ರಾತ್ರಿ ಗುಮ್ಮ ಬಂದು ಗೋಣಿಚೀಲದಲ್ಲಿ ತುಂಬಿಕೊಂಡು ಹೋಗುತ್ತದೆ ಎಂಬುದು ಕಥೆ. ಮಗ ಬಿಕ್ಕಿ ಬಿಕ್ಕಿ ಅತ್ತ. ಗಾಡಿಯನ್ನು ಹೊದಿಕೆಯೊಳಗೆ ಅವಚಿಕೊಂಡು ಮಲಗಿದ. ಮರುದಿನ ಒಂದು ಸಾಮಾನನ್ನೂ ಎತ್ತಿಡಲಿಲ್ಲ. ನಾನು ತಪ್ಪಿದ್ದು ಎಲ್ಲಿ? ಕಥೆಯಿಂದ ಇಂಥದ್ದನ್ನು ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಅಂಗನವಾಡಿ ಟೀಚರ್, ವಿರಾಜಪೇಟೆ ತಾಲ್ಲೂಕು

ತಪ್ಪಿದ್ದು ಗುಮ್ಮನಲ್ಲಿ, ಅಮ್ಮ. ನಿಮ್ಮ ಮಗ ಆ ಕಥೆಯನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಾನೆ. ಕಳ್ಳ ಬರುತ್ತಾನೆಂದರೆ ಯಾರೇ ಆಗಲಿ ತಮ್ಮ ವಸ್ತುವನ್ನು ಹತ್ತಿರ ಇಟ್ಟುಕೊಳ್ಳುತ್ತಾರೆಯೇ ಹೊರತು ದೂರದ ಪೆಟ್ಟಿಗೆಯಲ್ಲಿ ಬಿಟ್ಟು ಬರುವುದಿಲ್ಲ.

ಇನ್ನೊಂದು ಮಾತು. "ಎತ್ತಿಡು" ಎಂದರೆ ಎಲ್ಲಿಗೆ ಎಂಬುದು ಮಗುವಿಗೆ ಗೊತ್ತಿರಬೇಕು. ನಮ್ಮ ಕೇಂದ್ರದಲ್ಲಿ ಮೊದಲು ಎಲ್ಲ ಆಟಿಕೆಗಳಿಗೂ ಒಂದೇ ದೊಡ್ಡ ಪೆಟ್ಟಿಗೆ ಇತ್ತು. ಬ್ಲಾಕು ಬೇಕಾದ ಮಗು ಪೆಟ್ಟಿಗೆಯನ್ನೇ ಮಗುಚುತ್ತಿತ್ತು. ಈಗ ಮೂರು ಬುಟ್ಟಿಗಳಿವೆ, ಪ್ರತಿಯೊಂದರ ಮೇಲೂ ಒಳಗೇನಿದೆ ಎಂಬುದರ ಚಿತ್ರ ಅಂಟಿಸಿದ್ದೇನೆ. ಅಕ್ಷರ ಬಾರದ ಮೂರು ವರ್ಷದ ಮಗುವೂ ಕಾರಿನ ಚಿತ್ರ ನೋಡಿ ಕಾರನ್ನು ಅಲ್ಲಿಗೇ ಹಾಕುತ್ತದೆ. ಬುಟ್ಟಿಗೆ ನಾವು "ಮನೆ" ಎನ್ನುತ್ತೇವೆ. "ಕಾರುಗಳು ಮನೆಗೆ ಹೋಗುವ ಹೊತ್ತಾಯಿತು" ಎಂದರೆ ಸಾಕು. ಕಥೆ ಬೇಕಾದರೆ ಅಲ್ಲಿಂದಲೇ ಹುಟ್ಟಲಿ.

ಕುಶಾಲನಗರದ ತಂದೆ

ನನ್ನದು ಬೇರೆ ಅಭಿಪ್ರಾಯ. ದಿನವೆಲ್ಲ ಮಕ್ಕಳಿಗೆ ಅದು ಮಾಡು, ಇದು ಮಾಡಬೇಡ ಎಂದು ಹೇಳಿ ಹೇಳಿ, ಕೊನೆಗೆ ನಿದ್ದೆಯ ಹೊತ್ತಿನ ಆ ಅರ್ಧ ಗಂಟೆಯನ್ನೂ ಪಾಠಕ್ಕೇ ಕೊಡಬೇಕೇ? ಕಥೆ ಕಥೆಯಾಗಿರಲಿ. ಎತ್ತಿಡುವುದನ್ನು ಸಂಜೆ ಆರಕ್ಕೆ ಜೊತೆಯಲ್ಲಿ ನಿಂತು ಮಾಡಿಸಿ. ಮಗುವಿಗೆ ಕಥೆಯೊಳಗೆ ಅಡಗಿಸಿದ ಬುದ್ಧಿವಾದದ ವಾಸನೆ ಬೇಗ ಹತ್ತುತ್ತದೆ, ಒಮ್ಮೆ ಹತ್ತಿತೆಂದರೆ ಕಥೆ ಕೇಳುವ ಆಸೆಯೇ ಹೋಗುತ್ತದೆ.

ಸೋಮವಾರಪೇಟೆಯ ತಾಯಿ

ಟೀಚರ್, ಕಳ್ಳನ ಮಾತು ನನಗೆ ಹೊಳೆದೇ ಇರಲಿಲ್ಲ. ಬುಟ್ಟಿಗಳನ್ನು ನಾಳೆಯೇ ಬೇರೆ ಮಾಡುತ್ತೇನೆ. ಕುಶಾಲನಗರದ ಅಣ್ಣ, ಜೊತೆಯಲ್ಲಿ ನಿಂತು ಮಾಡಿಸುವುದು ಸರಿಯೇ, ಆದರೆ ಸಂಜೆ ಆರಕ್ಕೆ ನಾನು ಕೊಟ್ಟಿಗೆಯಲ್ಲಿರುತ್ತೇನೆ.

ನಾಪೋಕ್ಲಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಗುಮ್ಮನ ಕಥೆ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ನಮ್ಮ ತರಗತಿಯಲ್ಲಿ ಓದಿದ ಒಂದು ಪ್ರಯೋಗ ನೆನಪಾಯಿತು. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತು ಸಂಗಡಿಗರು 3ರಿಂದ 7 ವರ್ಷದ ಮಕ್ಕಳಿಗೆ ನೀತಿಕಥೆಗಳನ್ನು ಓದಿ ಹೇಳಿ, ಆಮೇಲೆ ಅವರು ನಿಜ ಹೇಳುತ್ತಾರೆಯೇ ಎಂದು ನೋಡಿದರು. ಸುಳ್ಳಿಗೆ ಮೂಗು ಉದ್ದವಾಗುವ ಮರದ ಹುಡುಗನ ಕಥೆಯೂ, ತೋಳ ಬಂತೆಂದು ಸುಳ್ಳು ಕೂಗಿ ಕೆಟ್ಟ ಕುರಿಗಾಹಿಯ ಕಥೆಯೂ ಮಕ್ಕಳಲ್ಲಿ ಯಾವ ಬದಲಾವಣೆಯನ್ನೂ ತರಲಿಲ್ಲ. ಮರ ಕಡಿದದ್ದು ತಾನೇ ಎಂದು ಒಪ್ಪಿಕೊಂಡು ತಂದೆಯಿಂದ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್‌ನ (ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದವನು) ಕಥೆ ಕೇಳಿದವರು ಮಾತ್ರ ಹೆಚ್ಚಾಗಿ ನಿಜ ಹೇಳಿದರು. ಅದೇ ಕಥೆಯ ಕೊನೆಯನ್ನು ಬದಲಿಸಿ, ಸುಳ್ಳು ಹೇಳಿ ಕೆಟ್ಟನೆಂದು ಮಾಡಿದಾಗ ಆ ಗುಣವೂ ಹೋಯಿತು.

ಇದು ಸತ್ಯ ಹೇಳುವುದರ ಮೇಲಿನ ಪ್ರಯೋಗ, ಸಾಮಾನು ಎತ್ತಿಡುವುದರ ಮೇಲಿನದಲ್ಲ ಎಂಬುದನ್ನು ಮರೆಯಬಾರದು. ಆದರೂ ಕೆಟ್ಟದ್ದು ಮಾಡಿದವನಿಗೆ ಏನಾಯಿತು ಎಂಬ ಕಥೆಗಿಂತ, ಒಳ್ಳೆಯದು ಮಾಡಿದವನಿಗೆ ಏನು ದೊರಕಿತು ಎಂಬ ಕಥೆಯನ್ನು ಹೇಳುವುದು ಮೇಲೆಂದು ನನಗೆ ತೋರುತ್ತದೆ.

ಪೊನ್ನಂಪೇಟೆಯ ಅಜ್ಜ

ನನಗೆ ಈಗ 71 ವರ್ಷ. ಎತ್ತಿಡುವುದನ್ನು ನನಗೆ ಕಲಿಸಿದ್ದು ಕೈಲ್ ಪೊಳ್ದ್, ನಮ್ಮ ಕೊಡವರ ಆಯುಧಪೂಜೆಯ ಹಬ್ಬ.

ಗದ್ದೆಯ ನಾಟಿ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಹಬ್ಬ ಬಂತೆಂದರೆ, ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಹೊರಗೆ ತಂದು, ತಿಕ್ಕಿ, ಒರೆಸಿ, ಸಾಲಾಗಿ ಇಟ್ಟು, ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ನೇಗಿಲು, ನೊಗಗಳೂ ತೊಳೆಸಿಕೊಂಡು ತಮ್ಮ ಜಾಗ ಸೇರುತ್ತಿದ್ದವು. ನಮಗೆ ಮಕ್ಕಳಿಗೆ ಕೋವಿ ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಪಾಲಿಗೆ ಬರುತ್ತಿದ್ದದ್ದು ಹಳೆಯ ಕುಡುಗೋಲು, ಮಣ್ಣು ಹತ್ತಿದ ಗುದ್ದಲಿ. ನನ್ನ ಅಜ್ಜ ತೆಂಗಿನ ನಾರನ್ನು ಬೂದಿಯಲ್ಲಿ ಅದ್ದಿ ಕೊಡುತ್ತಿದ್ದರು, ನಾನು ಗುದ್ದಲಿಯ ಕಾವಿನ ಬುಡದವರೆಗೂ ತಿಕ್ಕುತ್ತಿದ್ದೆ. ಅವರು ಹೆಬ್ಬೆರಳಿನಿಂದ ಒಮ್ಮೆ ಒರೆಸಿ ನೋಡಿ, ಬೆರಳಿಗೆ ಮಣ್ಣು ಹತ್ತದಿದ್ದರೆ ಏನೂ ಹೇಳದೆ ಅಟ್ಟದ ಕೆಳಗಿನ ಗೂಟ ತೋರಿಸುತ್ತಿದ್ದರು. ಆ ಗೂಟಕ್ಕೆ ನೇತು ಹಾಕುವ ಹೊತ್ತಿಗೆ ನನಗಾಗುತ್ತಿದ್ದ ಹೆಮ್ಮೆಯನ್ನು ಹೇಳಲು ಬಾರದು.

ರಾತ್ರಿ ಮಲಗಿದಾಗ ಅಜ್ಜ ಹೇಳುತ್ತಿದ್ದದ್ದೂ ಆ ಸಾಮಾನುಗಳ ಕಥೆಯೇ. ಈ ಕತ್ತಿಯನ್ನು ತಂದವರು ಯಾರು, ಈ ಗುದ್ದಲಿ ಯಾವ ಗದ್ದೆಯ ಏರಿ ಕಟ್ಟಿತು, ಒಮ್ಮೆ ಕಳೆದುಹೋದ ಕುಡುಗೋಲು ಮುಂದಿನ ಕೊಯ್ಲಿನಲ್ಲಿ ಹೇಗೆ ಸಿಕ್ಕಿತು ಎಂದೆಲ್ಲ ಹೇಳುತ್ತಿದ್ದರು. ಒಂದು ವಸ್ತುವಿಗೆ ಕಥೆ ಇದೆಯೆಂದು ತಿಳಿದ ಮಗು ಅದನ್ನು ಕಾಲಿನಿಂದ ತಳ್ಳುವುದಿಲ್ಲ. ಇಂದಿನ ಮಕ್ಕಳಿಗೆ ನೂರು ಆಟಿಕೆಗಳಿವೆ, ಯಾವುದಕ್ಕೂ ಕಥೆಯಿಲ್ಲ.

ನಾಲ್ಕುನಾಡಿನವನು

ಅಜ್ಜನವರು ಹೇಳಿದ್ದು ಚೆನ್ನಾಗಿದೆ. ಚಿಕ್ಕ ತಿದ್ದುಪಡಿ: ಹಬ್ಬದ ದಿನ ಕೊಡಗಿನ ಎಲ್ಲ ನಾಡುಗಳಲ್ಲೂ ಒಂದೇ ಅಲ್ಲ.

ಪೊನ್ನಂಪೇಟೆಯ ಅಜ್ಜ

ನಿಜ, ಹಿಂದಿನಿಂದಲೂ ಹಾಗೆಯೇ. ನಾನು ಹೇಳಿದ್ದು ನಮ್ಮ ಕಡೆಯ ಲೆಕ್ಕ.

ಗೋಣಿಕೊಪ್ಪದ ಅಕ್ಕ

ಸೋಮವಾರಪೇಟೆಯ ತಂಗಿಗೆ ನನ್ನ ಮಗಳಿಗೆ ಹೇಳಿದ ಕಥೆಯನ್ನೇ ಬರೆಯುತ್ತೇನೆ, ಬೇಕಾದಂತೆ ಬದಲಿಸಿಕೊಳ್ಳಿ.

ಮಳೆಗಾಲದ ಕಕ್ಕಡ ತಿಂಗಳು. ಚಿಣ್ಣಿ ಎಂಬ ಹುಡುಗಿ ತೋಡಿನಲ್ಲಿ ಆಡಿ ಮನೆಗೆ ಓಡಿ ಬಂದಳು. ಬಲಗಾಲಿನ ಗಮ್‌ಬೂಟನ್ನು ಒದ್ದು ಕಳಚಿದಳು, ಅದು ಜಗಲಿಯ ಬೆಂಚಿನ ಕೆಳಗೆ ಹೋಯಿತು. ಎಡಗಾಲಿನದನ್ನು ಒದ್ದು ಕಳಚಿದಳು, ಅದು ಸೌದೆಯ ರಾಶಿಯ ಹಿಂದೆ ಬಿತ್ತು. ರಾತ್ರಿಯಾಯಿತು. ಎಡಬೂಟಿಗೆ ಚಳಿ. "ನನ್ನ ಜೊತೆಗಾರ ಎಲ್ಲಿ?" ಎಂದು ಕೇಳಿತು. ಯಾರೂ ಉತ್ತರಿಸಲಿಲ್ಲ. ಆಗ ಪುಟ್ಟ ಕಪ್ಪೆಯೊಂದು ಬಂದು ಇಣುಕಿ, "ಈ ಮನೆ ಖಾಲಿ ಇದೆ" ಎಂದು ಒಳಗೆ ಹೋಗಿ ಕುಳಿತಿತು. ಬೆಳಿಗ್ಗೆ ಚಿಣ್ಣಿ ಬೂಟು ಹುಡುಕುತ್ತಾ ಬಂದಾಗ ಸೌದೆಯ ಹಿಂದಿನಿಂದ "ವಟರ್" ಎಂದಿತು. ಚಿಣ್ಣಿ ಬೂಟನ್ನು ಎತ್ತಿ, ತೋಡಿನವರೆಗೂ ಒಯ್ದು, ಮೆಲ್ಲನೆ ಬಗ್ಗಿಸಿ, "ನಿನ್ನ ಮನೆ ಇದು" ಎಂದು ಕಪ್ಪೆಯನ್ನು ಬಿಟ್ಟಳು. ಹಿಂದಿರುಗಿ ಬಂದು ಎರಡೂ ಬೂಟುಗಳನ್ನು ಗೋಡೆಗೆ ಮುಖ ಮಾಡಿ ಜೋಡಿಸಿದಳು. "ನಿಮ್ಮ ಮನೆ ಇದು" ಎಂದಳು. ಅಷ್ಟೇ ಕಥೆ.

ಇದರಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ ಎಂಬುದನ್ನು ಗಮನಿಸಿ. ನಾನು ಕಥೆಯ ಕೊನೆಗೆ "ನೀನೂ ಹಾಗೆ ಮಾಡಬೇಕು" ಎಂದು ಒಮ್ಮೆಯೂ ಹೇಳಲಿಲ್ಲ. ನಾಲ್ಕನೆಯ ರಾತ್ರಿ ಮಗಳು ನಡುವೆ ಬಾಯಿ ಹಾಕಿ, "ಸೌಟಿಗೂ ಮನೆ ಇದೆಯಾ?" ಎಂದು ಕೇಳಿದಳು. ಮರುದಿನ ಸಂಜೆ ಜಗಲಿಗೆ ಹೋಗಿ ನೋಡಿದರೆ ನನ್ನ ಚಪ್ಪಲಿ, ಅವಳಪ್ಪನ ಬೂಟು, ಅವಳ ಬೂಟು ಮೂರೂ ಜೋಡಿ ಗೋಡೆಗೆ ಮುಖ ಮಾಡಿ ನಿಂತಿದ್ದವು. ಅವಳ ಬೂಟಿನ ಎಡ ಬಲಗಳು ಅದಲು ಬದಲಾಗಿದ್ದವು, ನಾನು ಸರಿಪಡಿಸಲಿಲ್ಲ.

ಅಂದ ಹಾಗೆ, ಮಳೆಗಾಲದಲ್ಲಿ ಬೂಟು ಹಾಕುವ ಮೊದಲು ಕೊಡವಿ ನೋಡುವ ಅಭ್ಯಾಸವೂ ಈ ಕಥೆಯಿಂದಲೇ ಬಂತು. ಕಪ್ಪೆಯಾದರೆ ಸರಿ, ನಮ್ಮಲ್ಲಿ ಚೇಳೂ ಇರಬಹುದು.

ನಾಪೋಕ್ಲಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಅಕ್ಕ, ಕಥೆ ಬಹಳ ಹಿಡಿಸಿತು. ಅದರಲ್ಲಿ ಕೆಲಸ ಮಾಡುವವಳು ಚಿಣ್ಣಿ ಎಂಬ ಹುಡುಗಿ, ಕಪ್ಪೆಯಲ್ಲ, ಎಂಬುದು ಮುಖ್ಯವೆಂದು ನನಗೆ ಅನ್ನಿಸುತ್ತದೆ. 2017ರಲ್ಲಿ ಪ್ರಕಟವಾದ ಇನ್ನೊಂದು ಟೊರಾಂಟೊ ಅಧ್ಯಯನದಲ್ಲಿ 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗೆಗಿನ ಒಂದೇ ಕಥೆಯನ್ನು ಎರಡು ರೀತಿಯಲ್ಲಿ ಓದಿದರು. ಒಂದರಲ್ಲಿ ಬಟ್ಟೆ ತೊಟ್ಟು ಮಾತನಾಡುವ ಪ್ರಾಣಿಗಳು, ಇನ್ನೊಂದರಲ್ಲಿ ಮನುಷ್ಯರು. ಮನುಷ್ಯರ ಕಥೆ ಕೇಳಿದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಮೊದಲಿಗಿಂತ ಹೆಚ್ಚು ಹಂಚಿದರು, ಪ್ರಾಣಿಗಳ ಕಥೆ ಕೇಳಿದವರು ಹಾಗೆ ಮಾಡಲಿಲ್ಲ. ಕಥೆಯವರು ತನ್ನಂಥವರು ಎಂದು ಅನ್ನಿಸಿದಾಗ ಮಗು ಅದನ್ನು ತನ್ನ ಬದುಕಿಗೆ ತಂದುಕೊಳ್ಳುವುದು ಸುಲಭವಾಗುತ್ತದೆ.

ಸಿದ್ದಾಪುರದ ತೋಟದವನು

ಇದನ್ನು ನಾನು ಒಪ್ಪಲಾರೆ. ನಮ್ಮ ಮನೆಯಲ್ಲಿ ಆನೆಯಿಲ್ಲದ ಕಥೆ ನಡೆಯುವುದೇ ಇಲ್ಲ. ಸಂಜೆಯಾದರೆ ತೋಟದೊಳಗೆ ಆನೆ ಬಂದಿದೆಯೆಂದು ಜನ ಎಚ್ಚರಿಸಿಕೊಳ್ಳುವ ಊರು ನಮ್ಮದು. ನನ್ನ ಮಗಳಿಗೆ ಆನೆ ಪುಸ್ತಕದ ಪ್ರಾಣಿಯಲ್ಲ, ನೆರೆಯವರಿದ್ದಂತೆ. ಹಿಂಡಿನ ಹಿರಿಯಾನೆ ಮುಂದೆ, ಮರಿಗಳು ನಡುವೆ, ಒಂದೊಂದು ಮರಿಯೂ ಸೊಂಡಿಲಿನಲ್ಲಿ ಒಂದೊಂದು ಸೊಪ್ಪಿನ ಕಂತೆ ಹಿಡಿದು ಕಾಡಿಗೆ ಮರಳುತ್ತದೆ ಎಂಬ ಕಥೆ ಕೇಳಿ, ಅವಳು ಕೈಯನ್ನು ಸೊಂಡಿಲು ಮಾಡಿಕೊಂಡು ಒಂದೊಂದೇ ಬ್ಲಾಕನ್ನು ಬುಟ್ಟಿಗೆ ಸಾಗಿಸುತ್ತಾಳೆ. ಇಪ್ಪತ್ತು ಬ್ಲಾಕಿಗೆ ಇಪ್ಪತ್ತು ಸಲ ನಡೆಯುತ್ತಾಳೆ. ಕೆನಡಾದ ಮಕ್ಕಳಿಗೆ ಆದದ್ದು ನಮ್ಮ ಮಕ್ಕಳಿಗೂ ಆಗಲೇಬೇಕೆಂದಿಲ್ಲ.

ನಾಪೋಕ್ಲಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಒಪ್ಪುತ್ತೇನೆ ಅಣ್ಣ, ಒಂದು ಅಧ್ಯಯನವನ್ನು ಎಲ್ಲರ ಮನೆಗೂ ಅನ್ವಯಿಸಬಾರದು. ಅದೇ ಅಧ್ಯಯನದಲ್ಲೂ ಪ್ರಾಣಿಗಳನ್ನು ಮನುಷ್ಯರಂತೆಯೇ ಭಾವಿಸಿದ ಮಕ್ಕಳು ಹೆಚ್ಚು ಹಂಚಿದ್ದರು. ನಿಮ್ಮ ಮಗಳು ಕಥೆ ಕೇಳಿ ಸುಮ್ಮನಿರದೆ ತಾನೇ ಆನೆಯಾಗಿ ಆಡುತ್ತಿದ್ದಾಳೆ, ವ್ಯತ್ಯಾಸ ಅಲ್ಲೇ ಇರಬಹುದು.

ಕುಶಾಲನಗರದ ತಂದೆ

ಇಷ್ಟೆಲ್ಲ ಯೋಚಿಸುವ ಬದಲು, ಎತ್ತಿಟ್ಟರೆ ಒಂದು ಚಾಕೊಲೇಟು ಎಂದರೆ ಎರಡು ದಿನದಲ್ಲಿ ಕಲಿಯುತ್ತಾರೆ. ನಮ್ಮ ಮನೆಯಲ್ಲಿ ನಡೆದಿದೆ.

ಅಂಗನವಾಡಿ ಟೀಚರ್, ವಿರಾಜಪೇಟೆ ತಾಲ್ಲೂಕು

ಮೂರನೆಯ ದಿನ ಚಾಕೊಲೇಟು ಇಲ್ಲದಿದ್ದರೆ ಏನಾಯಿತು ಎಂಬುದನ್ನೂ ಬರೆಯಿರಿ.

ಕುಶಾಲನಗರದ ತಂದೆ

ಕೈಕಟ್ಟಿ ಕುಳಿತ, ಟೀಚರ್. ಅದನ್ನು ಒಪ್ಪಿಕೊಳ್ಳಬೇಕು.

ಮಡಿಕೇರಿಯ ನಿವೃತ್ತ ಶಿಕ್ಷಕ

ಅದು ನಿಮ್ಮ ಮಗನೊಬ್ಬನ ಗುಣವಲ್ಲ. 2008ರಲ್ಲಿ ವಾರ್ನೆಕೆನ್ ಮತ್ತು ತೊಮಾಸೆಲ್ಲೊ ಎಂಬ ಸಂಶೋಧಕರು 20 ತಿಂಗಳ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸಹಾಯ ಮಾಡಿದಾಗಲೆಲ್ಲ ಬಹುಮಾನ ಪಡೆದ ಮಕ್ಕಳು ಆಮೇಲೆ, ಏನೂ ಪಡೆಯದಿದ್ದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ಕೆಳಗೆ ಬಿದ್ದ ವಸ್ತುವನ್ನು ದೊಡ್ಡವರಿಗೆ ಎತ್ತಿಕೊಡುವ ಆಸೆ ಮಗುವಿನಲ್ಲಿ ಮೊದಲೇ ಇರುತ್ತದೆ. ನಾವು ಅದಕ್ಕೆ ಕೂಲಿ ಕಟ್ಟಿ ಕೆಡಿಸುತ್ತೇವೆ.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದಾಗ ಕಂಡುಕೊಂಡ ಒಂದು ಸಂಗತಿಯೂ ಇಲ್ಲಿ ಹೇಳತಕ್ಕದ್ದು. ಮಗುವಿನ ಕೈಗೆಟಕುವ ಕಪಾಟಿನಲ್ಲಿ ಪ್ರತಿಯೊಂದು ಸಾಮಗ್ರಿಗೂ ಗೊತ್ತಾದ ಜಾಗವಿದ್ದರೆ, ಬಳಸಿದ ಮೇಲೆ ಅದನ್ನು ಅಲ್ಲೇ ಇಡುವುದರಲ್ಲಿ ಮಗು ಸುಖ ಪಡುತ್ತದೆ. ಮುಂದೆ 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಅಡಯಾರ್ ಮತ್ತು ಕೊಡೈಕನಾಲಿನಲ್ಲಿ ಕಳೆದು, ನಮ್ಮ ಎಷ್ಟೋ ಶಿಕ್ಷಕರಿಗೆ ಅವರು ಇದನ್ನು ಕಲಿಸಿದರು. ಪೊನ್ನಂಪೇಟೆಯವರ ಗೂಟವೂ ಟೀಚರ್ ಅವರ ಚಿತ್ರದ ಬುಟ್ಟಿಯೂ ಅದೇ ದಾರಿಯವು.

ಮತ್ತೊಂದು ಪ್ರಯೋಗ 1975ರದು. ಚಿಕಾಗೊದ ಐದನೇ ತರಗತಿಯ ಮಕ್ಕಳಲ್ಲಿ ಒಂದು ಗುಂಪಿಗೆ "ಕಸ ಹಾಕಬಾರದು, ಚೊಕ್ಕಟವಾಗಿರಬೇಕು" ಎಂದು ದಿನವೂ ಉಪದೇಶಿಸಿದರು, ಇನ್ನೊಂದು ಗುಂಪಿಗೆ "ನೀವು ಚೊಕ್ಕಟವಾಗಿರುವ ಮಕ್ಕಳು" ಎಂದು ಹೇಳುತ್ತಾ ಬಂದರು. ಎರಡನೆಯ ಗುಂಪೇ ಕಸವನ್ನು ಹೆಚ್ಚಾಗಿ ಬುಟ್ಟಿಗೆ ಹಾಕಿತು, ಅಭ್ಯಾಸವೂ ಹೆಚ್ಚು ದಿನ ಉಳಿಯಿತು.

ನಾಪೋಕ್ಲಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಸರ್, ಐದನೇ ತರಗತಿಯವರು ಹತ್ತು ವರ್ಷದವರು, ನಾಲ್ಕರ ಮಗುವಿಗೆ ಅದನ್ನು ನೇರವಾಗಿ ಹೋಲಿಸಲಾಗದು. ಹತ್ತಿರದ್ದೆಂದರೆ 2014ರ ಇನ್ನೊಂದು ಪ್ರಯೋಗ. ಅದರಲ್ಲಿ 3ರಿಂದ 6 ವರ್ಷದವರಿಗೆ "ಸಹಾಯ ಮಾಡುವುದು" ಎಂಬುದರ ಬದಲು "ಸಹಾಯಕರಾಗುವುದು" ಎಂದು ಹೇಳಿದಾಗ, ಅವರು ಆಟಿಕೆ ಎತ್ತಿಡುವುದರಂಥ ಕೆಲಸಕ್ಕೆ ಹೆಚ್ಚಾಗಿ ಕೈಹಾಕಿದರು. ಕನ್ನಡದಲ್ಲಿ "ಸಹಾಯಕ" ಎಂದರೆ ಮಗುವಿಗೆ ಕಚೇರಿಯ ಮಾತಾಗುತ್ತದೆ. "ನಮ್ಮ ಮನೆಯ ಜೋಡಿಸುವವಳು ಎಲ್ಲಿ?" ಎಂದರೆ ಹತ್ತಿರವಾದೀತು.

ಮಡಿಕೇರಿಯ ನಿವೃತ್ತ ಶಿಕ್ಷಕ

ವಯಸ್ಸಿನ ಮಾತು ಸರಿ, ತಿದ್ದಿದ್ದಕ್ಕೆ ಸಂತೋಷ. "ಜೋಡಿಸುವವಳು" ಎಂಬುದು ಒಳ್ಳೆಯ ಮಾತು.

ಮಡಿಕೇರಿ ತಾಲ್ಲೂಕಿನ ತಾಯಿ

ಇಲ್ಲಿಯವರೆಗೂ ಸುಮ್ಮನೆ ಓದುತ್ತಿದ್ದೆ. ಗುಮ್ಮನ ಕಥೆ ಓದಿದ ಮೇಲೆ ಬರೆಯಲೇಬೇಕೆನಿಸಿತು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟೆವು. ಆಗ ಮಗನಿಗೆ ನಾಲ್ಕು ವರ್ಷ. ಪರಿಹಾರ ಕೇಂದ್ರದಲ್ಲಿ ಯಾರೋ ಪುಣ್ಯವಂತರು ಒಂದು ಪುಟ್ಟ ಬಸ್ಸು ಕೊಟ್ಟಿದ್ದರು. ಬಾಡಿಗೆ ಮನೆಗೆ ಬಂದ ಮೇಲೂ ಅವನು ಅದನ್ನು ಪೆಟ್ಟಿಗೆಯಲ್ಲಿಡಲು ಬಿಡುತ್ತಿರಲಿಲ್ಲ. ಮುಚ್ಚಳ ಹಾಕಿದರೆ ಅಳುತ್ತಿದ್ದ. ಅವನನ್ನು ಅಶಿಸ್ತಿನ ಮಗು ಎಂದವರೂ ಇದ್ದರು. ಕಣ್ಣಿಗೆ ಕಾಣದ್ದೆಲ್ಲ ಹೋಗಿಬಿಡುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ, ಅಷ್ಟೇ.

ನಾನು ಮಾಡಿದ್ದು ಇಷ್ಟು. ಮುಚ್ಚಳವಿಲ್ಲದ ತಟ್ಟೆಯೊಂದನ್ನು ಅವನ ತಲೆದಿಂಬಿನ ಪಕ್ಕದಲ್ಲೇ ಇಟ್ಟೆ. ಪ್ರತಿ ರಾತ್ರಿಯ ಕಥೆಯೂ ಬಸ್ಸು ದಿನವಿಡೀ ಎಲ್ಲೆಲ್ಲಿ ತಿರುಗಿ, ಯಾರ್ಯಾರನ್ನು ಹತ್ತಿಸಿಕೊಂಡು, ಕೊನೆಗೆ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ ಎಂಬುದೇ. ಬೆಳಿಗ್ಗೆ ಎದ್ದಾಗ ಬಸ್ಸು ಅಲ್ಲೇ ಇರುತ್ತಿತ್ತು. ತಿಂಗಳುಗಳಾದ ಮೇಲೆ ತಟ್ಟೆಯನ್ನು ಕಪಾಟಿಗೆ ಸರಿಸಿದವನು ಅವನೇ. ಈಗ ದೊಡ್ಡವನಾಗಿದ್ದಾನೆ, ಬಸ್ಸು ಇನ್ನೂ ಇದೆ. ಆದ್ದರಿಂದ ತಂಗಿ, ಕಳೆದುಹೋಗುವ ಕಥೆಯನ್ನು ದಯವಿಟ್ಟು ಹೇಳಬೇಡಿ. ಮರಳಿ ಬರುವ ಕಥೆ ಹೇಳಿ.

ಸೋಮವಾರಪೇಟೆಯ ತಾಯಿ

ಅಕ್ಕ, ನಿಮ್ಮ ಮಾತನ್ನು ಓದಿ ಕಣ್ಣು ತುಂಬಿತು. ಇನ್ನು ಆ ಕಥೆ ನಮ್ಮ ಮನೆಯಲ್ಲಿ ಬಾರದು.

ಕುಶಾಲನಗರದ ತಂದೆ

ನನ್ನ ಮೊದಲ ಮಾತಿನಲ್ಲಿ ಒಂದನ್ನು ತಿದ್ದಿಕೊಳ್ಳುತ್ತೇನೆ. ಬಸ್ಸಿನ ಕಥೆಯಲ್ಲೂ ಚಿಣ್ಣಿಯ ಕಥೆಯಲ್ಲೂ ಬುದ್ಧಿವಾದದ ವಾಸನೆ ಇಲ್ಲ, ಇಂಥವಾದರೆ ರಾತ್ರಿ ಹೇಳಬಹುದು. ಆದರೆ ಕಥೆ ಹೇಳಿದ ಮಾತ್ರಕ್ಕೆ ಸಾಕೆಂದು ಯಾರೂ ತಿಳಿಯಬಾರದು ಎಂಬ ಮಾತನ್ನು ಬಿಡುವುದಿಲ್ಲ. ಅಪ್ಪಂದಿರು ತಮ್ಮ ಟವೆಲನ್ನು ಕುರ್ಚಿಯ ಮೇಲೆ ಎಸೆಯುವ ಮನೆಯಲ್ಲಿ ಯಾವ ಕಥೆಯೂ ನಡೆಯದು. ಇದನ್ನು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಅಂಗನವಾಡಿ ಟೀಚರ್, ವಿರಾಜಪೇಟೆ ತಾಲ್ಲೂಕು

ಹೊತ್ತಿನ ಬಗ್ಗೆ ಒಂದು ಮಾತು ಬಾಕಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 3–4 ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, 1–2 ವರ್ಷದವರಿಗೆ 11ರಿಂದ 14 ಗಂಟೆ. ನಿದ್ದೆ ಕಣ್ಣಿಗೆ ಬಂದ ಮಗುವಿನಿಂದ ಸಾಮಾನು ಎತ್ತಿಡಿಸಲು ಹೋದರೆ ಅಳುವೇ ಗತಿ. ಊಟಕ್ಕೆ ಮೊದಲು ಐದು ನಿಮಿಷ ಎತ್ತಿಡುವುದು, ಆಮೇಲೆ ಊಟ, ಆಮೇಲೆ ಕಥೆ. ಎತ್ತಿಡದಿದ್ದರೆ ಕಥೆ ಇಲ್ಲ ಎಂದು ಮಾತ್ರ ಹೇಳಬೇಡಿ. ಕಥೆ ಮಗುವಿನ ಹಕ್ಕು, ಅದನ್ನು ದಂಡವಾಗಿಸಬಾರದು.

ಸೋಮವಾರಪೇಟೆಯ ತಾಯಿ

ಒಂಬತ್ತು ದಿನಗಳಾದವು, ಆದದ್ದನ್ನು ತಿಳಿಸುತ್ತೇನೆ. ಬಿದಿರಿನ ಎರಡು ಕುಕ್ಕೆ, ಒಂದು ರಟ್ಟಿನ ಪೆಟ್ಟಿಗೆ, ಮೂರಕ್ಕೂ ಮಗನೇ ಚಿತ್ರ ಬರೆದ. ಕೊಟ್ಟಿಗೆಯ ಕೆಲಸವಿರುವುದರಿಂದ ಸಂಜೆಯ ಐದು ನಿಮಿಷವನ್ನು ಅತ್ತೆಯವರು ವಹಿಸಿಕೊಂಡರು. ಪೊನ್ನಂಪೇಟೆಯ ಅಜ್ಜನವರ ಮಾತಿನಂತೆ ಮರದ ಗಾಡಿಯ ಕಥೆಯನ್ನು ಹೇಳಿದವರೂ ಅವರೇ. ಅದನ್ನು ನಮ್ಮ ಮಾವನವರು ಬದುಕಿದ್ದಾಗ ಹಲಸಿನ ಮರದಲ್ಲಿ ಮಾಡಿದ್ದಂತೆ, ನನ್ನ ಗಂಡ ಚಿಕ್ಕಂದಿನಲ್ಲಿ ಅದರಲ್ಲಿ ಕಾಫಿ ಹಣ್ಣು ತುಂಬಿ ಎಳೆಯುತ್ತಿದ್ದರಂತೆ. ನನಗೂ ಗೊತ್ತಿರಲಿಲ್ಲ. ಅಂದಿನಿಂದ ಗಾಡಿ ಒಂದು ರಾತ್ರಿಯೂ ನೆಲದ ನಡುವೆ ಉಳಿದಿಲ್ಲ. ಬ್ಲಾಕುಗಳು ಮಾತ್ರ ಇನ್ನೂ ಮೂರು ದಿನಕ್ಕೊಮ್ಮೆ ಹಾಗೆಯೇ ಬಿದ್ದಿರುತ್ತವೆ.

ಮಗಳ ವಿಷಯ ಕೇಳಬೇಕಿತ್ತು. ಅವಳು ಎಲ್ಲವನ್ನೂ ಕುಕ್ಕೆಗೆ ಹಾಕಿ, ಮರುಕ್ಷಣವೇ ಎಲ್ಲವನ್ನೂ ಸುರಿಯುತ್ತಾಳೆ.

ಗೋಣಿಕೊಪ್ಪದ ಅಕ್ಕ

ಎರಡೂವರೆಗೆ ಅದೇ ಆಟ. ತುಂಬುವುದನ್ನು ಕಲಿತಾಯಿತಲ್ಲ, ಸುರಿಯಲಿ ಬಿಡಿ. ಕೊನೆಯ ಸಲ ತುಂಬಿದಾಗ ಕುಕ್ಕೆಯನ್ನು ನೀವು ಎತ್ತಿ ಮೇಲಿಡಿ.